ಮೈನೆರೆದ ಮಕ್ಕಳೂ ನಮ್ಮ ಮೌನವೂ

ಉದ್ಯೋಗಸ್ಥ ಸ್ತ್ರೀಯರಿಗೆ ತಿಂಗಳಿಗೊಂದು ದಿನ ಸಂಬಳಸಹಿತವಾದ ಋತುಸ್ರಾವದ ರಜೆಯನ್ನು ಕೊಡತಕ್ಕದ್ದೆಂದು ಕರ್ನಾಟಕದ ಮಂತ್ರಿಮಂಡಲವು 2025ನೆಯ ಇಸವಿ ಅಕ್ಟೋಬರಿನಲ್ಲಿ ತೀರ್ಮಾನಿಸಿದಾಗ ಕಚೇರಿಗಳಲ್ಲಿಯೂ ಕ್ಲಬ್ಬುಗಳಲ್ಲಿಯೂ ರೈಲಿನ ಡಬ್ಬಿಗಳಲ್ಲಿಯೂ ದೊಡ್ಡದೊಂದು ಚರ್ಚೆ ಎದ್ದಿತು. ರಜೆಯಿಂದ ಕೆಲಸ ಕೆಡುವುದೆಂದು ಕೆಲವರು, ಖಾಸಗಿ ಯಜಮಾನರು ಹೆಂಗಸರನ್ನು ನೌಕರಿಗೆ ತೆಗೆದುಕೊಳ್ಳಲು ಹಿಂಜರಿಯುವರೆಂದು ಮತ್ತೆ ಕೆಲವರು ವಾದಿಸಿದರು. ಬಿಹಾರದ ಸರಕಾರದವರು 1992ರಲ್ಲಿಯೇ ತಮ್ಮ ಸ್ತ್ರೀ ನೌಕರರಿಗೆ ತಿಂಗಳಿಗೆ ಎರಡು ದಿನದ ರಜೆಯನ್ನು ಕೊಟ್ಟರು. ಆ ಕಾರಣದಿಂದ ಅಲ್ಲಿನ ಕಚೇರಿಗಳೇನೂ ಬಾಗಿಲು ಹಾಕಲಿಲ್ಲ. ಆದರೆ ನಾವು ಇಂದು ಹೇಳಹೊರಟಿರುವುದು ರಜೆಯ ಮಾತಲ್ಲ. ರಜೆಯ ಚೀಟಿ ಬರೆಯುವ ಹೆಂಗಸು ತನಗೇನಾಗಿದೆಯೆಂದು ಬಲ್ಲಳು. ಅದನ್ನರಿಯದೆ ಬಚ್ಚಲುಮನೆಯಲ್ಲಿ ಅಳುತ್ತ ನಿಂತಿರುವ ಹನ್ನೆರಡು ವರ್ಷದ ಹುಡುಗಿಗೆ ನಾವು ಏನನ್ನು ಕೊಟ್ಟಿದ್ದೇವೆ? ಇದು ನಮ್ಮ ಪ್ರಶ್ನೆ.

ಕೊಟ್ಟಿರುವುದು ಮೌನವನ್ನು. ನಮ್ಮ ಭಾಷೆಯಲ್ಲಿ ಈ ಒಂದು ಸಂಗತಿಯನ್ನು ಮುಚ್ಚಿಡುವುದಕ್ಕೆ ಎಷ್ಟು ಮಾತುಗಳಿವೆಯೋ! ದೊಡ್ಡವಳಾದಳು, ಮೈನೆರೆದಳು, ಹೊರಗಾದಳು, ಕಾಗೆ ಮುಟ್ಟಿತು. ಹೆಸರುಗಳು ಹತ್ತು, ವಿವರಣೆ ಒಂದೂ ಇಲ್ಲ. ಸೋದರಮಾವನು ಹಸಿಗುಡ್ಲು ಹಾಕುತ್ತಾನೆ. ಮುತ್ತೈದೆಯರು ಆರತಿ ಬೆಳಗುತ್ತಾರೆ. ಕೊಬ್ಬರಿ, ಬೆಲ್ಲ, ಚಿಗಳಿಯುಂಡೆಗಳನ್ನು ತಿನ್ನಿಸುತ್ತಾರೆ. ಊರಿಗೆಲ್ಲ ಸುದ್ದಿ ತಿಳಿಯುತ್ತದೆ. ಆರತಿಯ ಮುಂದೆ ಕುಳಿತಿರುವ ಕೂಸಿಗೆ ಮಾತ್ರ ತನ್ನ ಮೈಯೊಳಗೆ ನಡೆದಿರುವುದೇನೆಂದು ಯಾರೂ ಹೇಳುವುದಿಲ್ಲ. ಪೆಟ್ಟಾಯಿತೋ ರೋಗ ಬಂದಿತೋ ಎಂದು ಹೆದರುವ ಮಕ್ಕಳು ಇಂದಿಗೂ ಇದ್ದಾರೆ. ಹೆದರಿಕೆಯು ಹೋದ ಮೇಲೆ ನಾಚಿಕೆಯು ಅದರ ಸ್ಥಾನದಲ್ಲಿ ಕೂರುತ್ತದೆ. ಆ ನಾಚಿಕೆಯು ಅನೇಕರಿಗೆ ಜೀವಮಾನವೆಲ್ಲ ಇಳಿಯುವುದಿಲ್ಲ. ಆದುದರಿಂದ, ಮನೆಯಲ್ಲಿ ಆಡಲಾಗದ ಈ ಮಾತನ್ನು ಪತ್ರಿಕೆಯಾದರೂ ಒಮ್ಮೆ ನೇರವಾಗಿ ಆಡಬೇಕೆಂದು ನಾವು ನಿಶ್ಚಯಿಸಿದ್ದೇವೆ.

ಮಿದುಳಿನ ತಳಭಾಗದಲ್ಲಿ ಹೈಪೋಥಲಾಮಸ್ ಎಂಬ ಒಂದು ಸಣ್ಣ ಪ್ರದೇಶವಿದೆ. ಅದರ ಕೆಳಗೆ ಕಡಲೆಕಾಳಿನಷ್ಟು ಗಾತ್ರದ ಪಿಟ್ಯೂಟರಿ ಎಂಬ ಗ್ರಂಥಿಯು ತೊಟ್ಟಿನಿಂದ ಇಳಿಬಿದ್ದಿದೆ. ಕಿಬ್ಬೊಟ್ಟೆಯಲ್ಲಿ ಗರ್ಭಕೋಶದ ಎಡಬಲಗಳಲ್ಲಿ ಎರಡು ಅಂಡಾಶಯಗಳಿವೆ. ಹಾರ್ಮೋನು ಎಂಬುದು ಒಂದು ಅಂಗವು ಮತ್ತೊಂದು ಅಂಗಕ್ಕೆ ಬರೆದ ಹುಕುಂ ಎಂದು ತಿಳಿದರೆ ಸಾಕು. ಅದನ್ನು ತಲಪಿಸುವ ಅಂಚೆಯವನು ರಕ್ತ. ನಮ್ಮ ಅಧಿಕಾರಿವರ್ಗದ ವಾಚಕರಿಗೆ ಪರಿಚಿತವಾದ ರೀತಿಯಲ್ಲಿ ಹೇಳುವುದಾದರೆ, ಹೈಪೋಥಲಾಮಸು ಹುಜೂರು ಕಚೇರಿ, ಪಿಟ್ಯೂಟರಿಯು ಜಿಲ್ಲಾ ಕಚೇರಿ, ಅಂಡಾಶಯವು ತಾಲ್ಲೂಕು ಕಚೇರಿ. ಆದರೆ ಒಂದು ಭೇದವುಂಟು. ಇಲ್ಲಿ ತಾಲ್ಲೂಕಿನಿಂದ ಬರುವ ವರದಿಯನ್ನು ಹುಜೂರಿನವರು ದಿನದಿನವೂ ಓದಿ, ಅದಕ್ಕೆ ತಕ್ಕಂತೆ ತಮ್ಮ ಹುಕುಂ ಬದಲಾಯಿಸುತ್ತಾರೆ!

ಹುಜೂರಿನಿಂದ ಹೊರಡುವ ಮೊದಲ ಹುಕುಂ ಹತ್ತು ಅಮೈನೋ ಆಮ್ಲಗಳ ಒಂದು ಪುಟ್ಟ ಸರ. ಹಂದಿಗಳ ಮತ್ತು ಕುರಿಗಳ ಲಕ್ಷಾಂತರ ಮಿದುಳಿನ ತುಣುಕುಗಳನ್ನು ಶೋಧಿಸಿ 1971ರಲ್ಲಿ ಅದರ ರಚನೆಯನ್ನು ಕಂಡುಹಿಡಿದ ಶ್ಯಾಲಿ ಮತ್ತು ಗಿಲ್ಲೆಮಿನ್ ಎಂಬ ವಿಜ್ಞಾನಿಗಳಿಗೆ 1977ರಲ್ಲಿ ನೊಬೆಲ್ ಬಹುಮಾನ ಬಂದಿತು. ಈ ಹಾರ್ಮೋನು ಒಂದೇ ಸಮನೆ ಹರಿಯುವುದಿಲ್ಲ. ಗಡಿಯಾರದ ಗಂಟೆ ಬಾರಿಸಿದಂತೆ ಬಿಟ್ಟುಬಿಟ್ಟು ಮಿಡಿಯುತ್ತದೆ. ಮಿಡಿತದಲ್ಲಿಯೇ ಅದರ ಗುಟ್ಟೆಲ್ಲ ಇದೆಯೆಂಬುದನ್ನು ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಅರ್ನ್ಸ್ಟ್ ನೋಬಿಲ್ ಎಂಬ ವಿದ್ವಾಂಸರೂ ಅವರ ಸಂಗಡಿಗರೂ ಕೋತಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಗಂಟೆಗೊಂದು ಸಲದಂತೆ ಈ ಹಾರ್ಮೋನನ್ನು ಕೊಟ್ಟರೆ ಪಿಟ್ಯೂಟರಿಯು ಕೆಲಸ ಮಾಡಿತು. ಎಡೆಬಿಡದೆ ಸುರಿದರೆ ಸುಮ್ಮನಾಯಿತು. 1980ರಲ್ಲಿ ಪ್ರಕಟವಾದ ಅವರ ಇನ್ನೊಂದು ಪ್ರಯೋಗವು ಇನ್ನೂ ಆಶ್ಚರ್ಯಕರವಾದುದು. ಇನ್ನೂ ಪ್ರಾಯಕ್ಕೆ ಬಾರದ ಎಳೆಯ ಹೆಣ್ಣುಕೋತಿಗಳಿಗೆ ಗಂಟೆಗೊಂದು ಮಿಡಿತದಂತೆ ಅದನ್ನು ಕೊಟ್ಟಾಗ ಅವು ಪ್ರಾಯಕ್ಕೆ ಬಂದವು. ಕೊಡುವುದನ್ನು ನಿಲ್ಲಿಸಿದಾಗ ಮತ್ತೆ ಬಾಲ್ಯಕ್ಕೆ ಹಿಂದಿರುಗಿದವು. ಅಂದಮೇಲೆ ಅಂಡಾಶಯವೂ ಪಿಟ್ಯೂಟರಿಯೂ ಮೊದಲಿನಿಂದಲೇ ಸಿದ್ಧವಾಗಿದ್ದವು, ನಿದ್ರೆಯಲ್ಲಿದ್ದುದು ಮಿದುಳು.

ಮನುಷ್ಯರಲ್ಲಿಯೂ ಹೀಗೆಯೇ. ಗರ್ಭದಲ್ಲಿಯೂ ಹುಟ್ಟಿದ ಮೊದಲ ಕೆಲವು ತಿಂಗಳುಗಳಲ್ಲಿಯೂ ಎಚ್ಚರವಾಗಿರುವ ಈ ವ್ಯವಸ್ಥೆಯು ಆಮೇಲೆ ವರ್ಷಗಟ್ಟಲೆ ಮಲಗಿಬಿಡುತ್ತದೆ. ಎಂಟರಿಂದ ಹದಿಮೂರು ವರ್ಷದೊಳಗೆ, ಮೊದಲು ರಾತ್ರಿಯ ನಿದ್ರೆಯ ಹೊತ್ತಿನಲ್ಲಿ, ಅದು ಮತ್ತೆ ಮಿಡಿಯತೊಡಗುತ್ತದೆ. ಎಬ್ಬಿಸುವವರು ಯಾರು? ಕಿಸ್‌ಪೆಪ್ಟಿನ್ ಎಂಬ ಇನ್ನೊಂದು ಸಂದೇಶವಸ್ತುವು ಇದಕ್ಕೆ ಬೇಕೇ ಬೇಕೆಂದು 2003ರಲ್ಲಿ ತಿಳಿದುಬಂದಿತು. ಮೈಯಲ್ಲಿ ಸಾಕಷ್ಟು ಕೊಬ್ಬು ಕೂಡಿದೆಯೆಂಬ ವಾರ್ತೆಯನ್ನು ಮಿದುಳಿಗೆ ಮುಟ್ಟಿಸುವ ಲೆಪ್ಟಿನ್ ಎಂಬ ಹಾರ್ಮೋನು 1994ರಲ್ಲಿ ಪತ್ತೆಯಾಗಿತ್ತು. ಹೊಟ್ಟೆಗಿಲ್ಲದ ಮಕ್ಕಳು ತಡವಾಗಿ ಮೈನೆರೆಯುವುದೂ, ಚೆನ್ನಾಗಿ ಉಂಡ ಮಕ್ಕಳು ಬೇಗ ಮೈನೆರೆಯುವುದೂ ಈ ಕಾರಣದಿಂದಲೇ. ಉತ್ತರ ಯೂರೋಪಿನಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವೆ ಹದಿನಾರು ಹದಿನೇಳು ವರ್ಷಕ್ಕೆ ಆಗುತ್ತಿದ್ದ ಮೊದಲ ಮುಟ್ಟು ನೂರು ವರ್ಷಗಳಲ್ಲಿ ಹದಿಮೂರಕ್ಕೆ ಇಳಿಯಿತು. ಆದುದರಿಂದ ಇಂದಿನ ಹುಡುಗಿಯು ತನ್ನ ಅಜ್ಜಿಗಿಂತ ಮುಂಚೆ ದೊಡ್ಡವಳಾದರೆ ಅದು ಕಲಿಕಾಲದ ಮಹಿಮೆಯಲ್ಲ; ಬಹುಮಟ್ಟಿಗೆ ಅನ್ನದ ಮಹಿಮೆ.

ಇನ್ನು ತಿಂಗಳ ಚಕ್ರ. ಹೆಣ್ಣುಮಗುವು ಹುಟ್ಟುವಾಗಲೇ ಹತ್ತರಿಂದ ಇಪ್ಪತ್ತು ಲಕ್ಷ ಅಂಡಗಳೊಡನೆ ಹುಟ್ಟುತ್ತದೆ. ಪ್ರಾಯಕ್ಕೆ ಬರುವಾಗ ಉಳಿದಿರುವುದು ಮೂರು ನಾಲ್ಕು ಲಕ್ಷ. ಅದರಲ್ಲಿ ಜೀವಮಾನದಲ್ಲಿ ಪಕ್ವವಾಗಿ ಹೊರಬೀಳುವುದು ಸುಮಾರು ನಾನೂರು ಮಾತ್ರ. ಪಿಟ್ಯೂಟರಿಯ ಎಫ್.ಎಸ್.ಎಚ್. ಎಂಬ ಹಾರ್ಮೋನು ಪ್ರತಿ ಚಕ್ರದಲ್ಲಿ ಕೆಲವು ಅಂಡಪುಟಕಗಳನ್ನು ಬೆಳೆಸುತ್ತದೆ. ಸಾಮಾನ್ಯವಾಗಿ ಅವುಗಳಲ್ಲಿ ಒಂದು ಮುಂದೆ ಹೋಗುತ್ತದೆ, ಉಳಿದವು ಬಾಡುತ್ತವೆ. ಬೆಳೆಯುವ ಪುಟಕವು ಈಸ್ಟ್ರೋಜೆನನ್ನು ಸ್ರವಿಸುತ್ತದೆ. ಅದರಿಂದ ಗರ್ಭಕೋಶದ ಒಳಪದರವು ದಪ್ಪನಾಗುತ್ತದೆ. ಈಸ್ಟ್ರೋಜೆನು ಸ್ವಲ್ಪವಿರುವವರೆಗೂ ‘ಇನ್ನು ಸಾಕು’ ಎಂದು ಪಿಟ್ಯೂಟರಿಯ ಕೈಹಿಡಿಯುತ್ತದೆ. ಆದರೆ ಅದು ಒಂದು ಮಟ್ಟವನ್ನು ಮೀರಿ ಎರಡು ದಿನಗಳ ಕಾಲ ಹಾಗೆಯೇ ನಿಂತಿತೆಂದರೆ, ಅದೇ ಹಾರ್ಮೋನು ತದ್ವಿರುದ್ಧವಾಗಿ ನಡೆದು ಎಲ್.ಎಚ್. ಎಂಬ ಇನ್ನೊಂದು ಹಾರ್ಮೋನಿನ ಪ್ರವಾಹವನ್ನೇ ಎಬ್ಬಿಸುತ್ತದೆ. ಪ್ರವಾಹವು ಆರಂಭವಾದ ಸುಮಾರು 36 ಗಂಟೆಗಳಲ್ಲಿ ಪುಟಕವು ಬಿರಿದು ಅಂಡವು ಹೊರಬೀಳುತ್ತದೆ.

ಬಿರಿದ ಪುಟಕವೂ ವ್ಯರ್ಥವಾಗುವುದಿಲ್ಲ. ಅದು ಹಳದಿಯ ಗಂಟಾಗಿ ಮಾರ್ಪಟ್ಟು ಪ್ರೊಜೆಸ್ಟರಾನ್ ಎಂಬ ಹಾರ್ಮೋನನ್ನು ಕೊಡುತ್ತದೆ. ಈಸ್ಟ್ರೋಜೆನು ಉತ್ತು ಹದಗೊಳಿಸಿದ ನೆಲಕ್ಕೆ ಪ್ರೊಜೆಸ್ಟರಾನು ಗೊಬ್ಬರ ನೀರುಗಳನ್ನು ಒದಗಿಸಿ ಬಿತ್ತನೆಗಾಗಿ ಕಾಯುತ್ತದೆಂದು ಹೇಳಬಹುದು. ಗರ್ಭ ನಿಂತರೆ ಭ್ರೂಣವೇ ಬೇರೊಂದು ಹಾರ್ಮೋನಿನಿಂದ ಆ ಗಂಟನ್ನು ಉಳಿಸಿಕೊಳ್ಳುತ್ತದೆ. ನಿಲ್ಲದಿದ್ದರೆ ಸುಮಾರು ಹದಿನಾಲ್ಕು ದಿನಗಳಲ್ಲಿ ಗಂಟು ಬಾಡುತ್ತದೆ, ಪ್ರೊಜೆಸ್ಟರಾನು ಇಳಿಯುತ್ತದೆ, ಒಳಪದರದ ರಕ್ತನಾಳಗಳು ಬಿಗಿದು ಪದರವು ಕಳಚುತ್ತದೆ. ಇದೇ ಮುಟ್ಟು. ಅಂಡವು ಹೊರಬೀಳುವುದು ಮುಂದಿನ ಮುಟ್ಟಿಗೆ ಹನ್ನೆರಡರಿಂದ ಹದಿನಾರು ದಿನ ಹಿಂದೆ ಎಂದು ಜಪಾನಿನ ಓಗಿನೋ ಎಂಬ ವೈದ್ಯರು 1924ರಲ್ಲಿಯೇ ಲೆಕ್ಕಹಾಕಿ ಹೇಳಿದ್ದರು.

ವಾಚಕರು ಇಲ್ಲಿ ಒಂದು ಕ್ಷಣ ಯೋಚಿಸಬೇಕು. ಇಷ್ಟು ವ್ಯವಸ್ಥಿತವಾದ ಈ ಕ್ರಿಯೆಯಲ್ಲಿ ಮೈಲಿಗೆ ಎಲ್ಲಿದೆ? ‘ಕೆಟ್ಟ ರಕ್ತ’ ಎಂಬುದು ಯಾವ ಘಟ್ಟದಲ್ಲಿ ಸೇರಿತು? ಹೊರಗೆ ಹೋಗುವುದು, ಹುಟ್ಟಬಹುದಾಗಿದ್ದ ಒಂದು ಶಿಶುವಿಗಾಗಿ ಹಾಸಿದ್ದ ಹಾಸಿಗೆ. ನಾವು ಹುಟ್ಟುವ ಮುನ್ನ ಒಂಬತ್ತು ತಿಂಗಳು ನಮ್ಮನ್ನು ಪೋಷಿಸಿದುದು ಅಂತಹ ಹಾಸಿಗೆಯೇ. ಒಂದು ಸಲದ ಮುಟ್ಟಿನಲ್ಲಿ ಹೋಗುವ ರಕ್ತವು ಸಾಮಾನ್ಯವಾಗಿ 30-40 ಮಿಲಿಲೀಟರು. 80ನ್ನು ಮೀರಿದರೆ ವೈದ್ಯರು ಅದನ್ನು ಅತಿಯೆನ್ನುತ್ತಾರೆ. ಪದರವು ಕಳಚುವಾಗ ಅಲ್ಲಿಯೇ ಹುಟ್ಟುವ ಪ್ರೋಸ್ಟಗ್ಲಾಂಡಿನ್ ಎಂಬ ವಸ್ತುಗಳು ಗರ್ಭಕೋಶವನ್ನು ಹಿಂಡುವುದರಿಂದ ನೋವಾಗುತ್ತದೆ. ಅದು ನಟನೆಯೂ ಅಲ್ಲ, ಪಾಪದ ಫಲವೂ ಅಲ್ಲ, ಅದಕ್ಕೆ ಔಷಧವುಂಟು. ಎಂಟು ವರ್ಷಕ್ಕೆ ಮೊದಲೇ ಪ್ರಾಯದ ಚಿಹ್ನೆಗಳು ಕಂಡರೆ, ಹದಿನೈದು ತುಂಬಿದರೂ ಮುಟ್ಟು ಬಾರದಿದ್ದರೆ, ಏಳು ದಿನ ಕಳೆದರೂ ಸ್ರಾವವು ನಿಲ್ಲದಿದ್ದರೆ ಮಗಳನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋಗತಕ್ಕದ್ದು. ಇಷ್ಟನ್ನು ಪ್ರತಿಯೊಬ್ಬ ತಂದೆಯೂ ತಿಳಿದಿರಬೇಕು.

ಈ ವಿಜ್ಞಾನದಿಂದ ಹೊರಡುವ ಎಲ್ಲಕ್ಕಿಂತ ದೊಡ್ಡ ಪಾಠವು ಮತ್ತೊಂದಿದೆ. ಮೊದಲ ಮುಟ್ಟು ಪಕ್ವತೆಯ ಕೊನೆಯಲ್ಲ; ನಡುದಾರಿಯ ಒಂದು ಕಲ್ಲು. ಎದೆಯು ಮೂಡಿ ಎರಡು ಎರಡೂವರೆ ವರ್ಷಗಳಾದ ಮೇಲೆ ಅದು ಬರುತ್ತದೆ. ಬಂದ ಮೊದಲ ಒಂದೆರಡು ವರ್ಷ ಅನೇಕ ಚಕ್ರಗಳಲ್ಲಿ ಅಂಡವೇ ಹೊರಡುವುದಿಲ್ಲ. ಈಸ್ಟ್ರೋಜೆನಿನ ಪ್ರವಾಹಕ್ಕೆ ತಕ್ಕ ಉತ್ತರವನ್ನು ಕೊಡುವುದನ್ನು ಮಿದುಳು ಇನ್ನೂ ಕಲಿಯುತ್ತಿರುತ್ತದೆ. ಆದುದರಿಂದಲೇ ಎಳೆಯ ಹುಡುಗಿಯರಿಗೆ 45 ದಿನಗಳವರೆಗೂ ಮುಂದೆ ಹೋಗಬಹುದು. ಎತ್ತರವು ಇನ್ನೂ ಕೆಲವು ಅಂಗುಲ ಬೆಳೆಯಲಿಕ್ಕಿದೆ. ಹೆರಿಗೆಯ ದಾರಿಯಾದ ಸೊಂಟದ ಎಲುಬಿನ ಬೆಳವಣಿಗೆಯು ಇನ್ನೂ ವರ್ಷಗಳ ಕೆಲಸ. ಇದನ್ನು ಪಾಶ್ಚಾತ್ಯರಿಂದಲೇ ಕಲಿಯಬೇಕಾಗಿಲ್ಲ. ರಜಸ್ಸು ಹನ್ನೆರಡಕ್ಕೆ ಆರಂಭವಾಗಿ ಐವತ್ತಕ್ಕೆ ನಿಲ್ಲುವುದೆಂದು ಹೇಳಿದ ಸುಶ್ರುತಾಚಾರ್ಯರೇ ಹದಿನಾರು ತುಂಬದವಳು ಗರ್ಭವತಿಯಾದರೆ ಗರ್ಭಕ್ಕೆ ವಿಪತ್ತೆಂದೂ ಹೇಳಿದ್ದಾರೆ. ಹನ್ನೆರಡಕ್ಕೂ ಹದಿನಾರಕ್ಕೂ ನಡುವಿನ ಅಂತರವನ್ನು ನಮ್ಮ ವೈದ್ಯರು ಬಲ್ಲವರಾಗಿದ್ದರು, ಮರೆತವರು ನಾವು.

ಆ ಮರೆವಿನ ಬೆಲೆಯನ್ನು ತೆತ್ತವರು ಹೆಣ್ಣುಮಕ್ಕಳು. ಮೈನೆರೆಯುವ ಮೊದಲೇ ಮದುವೆ, ನೆರೆದ ಕೂಡಲೇ ನಿಷೇಕವೆಂಬ ಕಟ್ಟಳೆಯನ್ನು ಹಿಡಿದುಕೊಂಡೇ 1891ರ ಸಮ್ಮತಿ ವಯಸ್ಸಿನ ಕಾಯಿದೆಯನ್ನು ವೈದಿಕರು ವಿರೋಧಿಸಿದರು. ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸುವುದಷ್ಟೇ ಆ ಕಾಯಿದೆಯ ಕೆಲಸ. ಅದಕ್ಕೆ ಎರಡು ವರ್ಷ ಮೊದಲು ಕಲ್ಕತ್ತೆಯಲ್ಲಿ ಫೂಲ್ಮಣಿ ದಾಸಿಯೆಂಬ ಹತ್ತು ಹನ್ನೊಂದರ ಬಾಲೆಯು ಗಂಡನ ಕೈಯಲ್ಲಿ ಪ್ರಾಣಬಿಟ್ಟಿದ್ದಳು. ನಮ್ಮೆಲ್ಲರ ಪೂಜ್ಯರಾದ ಲೋಕಮಾನ್ಯ ತಿಲಕರೂ ಅಂದು ವಿರೋಧಪಕ್ಷದಲ್ಲಿಯೇ ನಿಂತರು. ಪರಕೀಯ ಸರಕಾರಕ್ಕೆ ನಮ್ಮ ಧರ್ಮದಲ್ಲಿ ಕೈಹಾಕುವ ಅಧಿಕಾರವಿಲ್ಲವೆಂಬುದು ಅವರ ವಾದ. ನಮ್ಮ ಮೈಸೂರು ಸಂಸ್ಥಾನವು 1894ರಲ್ಲಿ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನೂ, ಹದಿನಾಲ್ಕರೊಳಗಿನ ಹುಡುಗಿಯನ್ನು ಐವತ್ತು ದಾಟಿದವನಿಗೆ ಕೊಡುವುದನ್ನೂ ನಿಷೇಧಿಸಿತು. ಬ್ರಿಟಿಷ್ ಇಂಡಿಯಾದಲ್ಲಿ ಬಾಲ್ಯವಿವಾಹವನ್ನು ತಡೆಯುವ ಶಾರದಾ ಕಾಯಿದೆಯಾದುದು 1929ರಲ್ಲಿ. ಅದು ಗೊತ್ತುಮಾಡಿದ ವಯಸ್ಸು ಹದಿನಾಲ್ಕು. ಅದು ಹದಿನೆಂಟಾದುದು 1978ರಲ್ಲಿ. 2006ರಲ್ಲಿ ಹೊಸ ಕಾಯಿದೆಯು ಬಂದಿತು. ಅದಕ್ಕೆ ಕರ್ನಾಟಕವು 2016ರಲ್ಲಿ ಮಾಡಿಕೊಂಡ ತಿದ್ದುಪಡಿಯಂತೆ ಬಾಲ್ಯವಿವಾಹವು ಮೊದಲಿನಿಂದಲೇ ಅಸಿಂಧು. ಇಷ್ಟೆಲ್ಲ ಆದ ಮೇಲೆಯೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 20ರಿಂದ 24 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 23 ಮಂದಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರು. ‘ದೊಡ್ಡವಳಾದಳಲ್ಲ, ಇನ್ನೇನು’ ಎಂಬ ಒಂದು ಮಾತು ಐದು ಕಾಯಿದೆಗಳಿಗಿಂತ ಬಲವಾಗಿದೆ. ಆ ಮಾತನ್ನು ಪೋಲೀಸಿನವರು ಅಳಿಸಲಾರರು; ತಿಳಿವಳಿಕೆಯೇ ಅಳಿಸಬೇಕು.

ಮೈಲಿಗೆಯ ಮಾತೂ ಇಷ್ಟೇ. ಎಂಟು ನೂರು ವರ್ಷಗಳ ಹಿಂದೆಯೇ ಈ ನೆಲದ ಶರಣರು ಪಂಚಸೂತಕಗಳನ್ನು ತಳ್ಳಿಹಾಕಿದರು. ಆ ಐದರಲ್ಲಿ ರಜಸ್ಸಿನ ಸೂತಕವೂ ಒಂದು. ಅಂತಹ ನಾಡಿನಲ್ಲಿ, 2023ರ ಜುಲೈ ತಿಂಗಳಲ್ಲಿ, ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ ಸೂತಕವೆಂದು ಬಾಣಂತಿಯನ್ನು ಊರ ಹೊರಗಿನ ಗುಡಿಸಲಿನಲ್ಲಿ ಇರಿಸಿದ್ದಾಗ ಅವಳ ಹಸುಗೂಸು ಮಳೆಚಳಿಯಲ್ಲಿ ಅಸುನೀಗಿತು. ಮುಟ್ಟಾದವರನ್ನೂ ಅದೇ ರೀತಿ ಹೊರಗಿರಿಸುವ ಪದ್ಧತಿಯು ಆ ಹಟ್ಟಿಗಳಲ್ಲಿತ್ತು. ಹಟ್ಟಿಯವರನ್ನು ನಾವೊಬ್ಬರೇ ನಿಂದಿಸಿ ಪ್ರಯೋಜನವಿಲ್ಲ. ಪಟ್ಟಣದ ಸುಶಿಕ್ಷಿತರ ಎಷ್ಟೋ ಮನೆಗಳಲ್ಲಿ ಮೂಲೆಯ ಚಾಪೆಯೂ ಬೇರೆ ತಟ್ಟೆಯೂ ಇನ್ನೂ ಇವೆ. ಗೋಡೆಯು ಗಾರೆಯದಾದ ಮಾತ್ರಕ್ಕೆ ಅದು ಗುಡಿಸಲಲ್ಲವೆನ್ನಲಾದೀತೆ?

ಆರತಿಯ ದಿನ ಎಳ್ಳು, ಬೆಲ್ಲ, ಕೊಬ್ಬರಿಗಳನ್ನು ತಿನ್ನಿಸುವ ಹಿರಿಯರ ವಿವೇಕವನ್ನು ನಾವು ಮೆಚ್ಚುತ್ತೇವೆ. ಆದರೆ ಆ ಉಪಚಾರವು ಹತ್ತು ಹನ್ನೊಂದು ದಿನಗಳದು. ಮುಟ್ಟು ಮೂವತ್ತು ಮೂವತ್ತೈದು ವರ್ಷಗಳದು. ಒಂದು ಮಿಲಿಲೀಟರ್ ರಕ್ತದೊಡನೆ ಸುಮಾರು ಅರ್ಧ ಮಿಲಿಗ್ರಾಮು ಕಬ್ಬಿಣವು ಮೈಬಿಟ್ಟು ಹೋಗುತ್ತದೆ. ಅದನ್ನು ತುಂಬಿಕೊಳ್ಳಬೇಕಾದವಳು ನಮ್ಮ ಮನೆಗಳಲ್ಲಿ ಎಲ್ಲರೂ ಉಂಡಾದ ಮೇಲೆ ಉಣ್ಣುವವಳು. ಮೇಲೆ ಹೇಳಿದ ಸಮೀಕ್ಷೆಯಂತೆ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿ ರಕ್ತಹೀನರು. ಬಿಳಿಚಿದ ತಾಯಿಯರಿಂದ ಬಲಿಷ್ಠವಾದ ರಾಷ್ಟ್ರವು ಹುಟ್ಟುವುದೆಂದು ವೇದಿಕೆಯ ಮೇಲೆ ನಿಂತು ಹೇಳುವ ಧೈರ್ಯವು ಯಾರಿಗಿದೆ?

ಇದನ್ನೆಲ್ಲ ಮಕ್ಕಳಿಗೆ ಕಲಿಸಿದರೆ ನೀತಿ ಕೆಡುವುದೆಂಬ ಆಕ್ಷೇಪಣೆಯುಂಟು. 2007ರಲ್ಲಿ ಶಾಲೆಗಳಲ್ಲಿ ಹದಿಹರೆಯದ ಶಿಕ್ಷಣವನ್ನು ಆರಂಭಿಸುವ ಮಾತು ಬಂದಾಗ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಸಂಸ್ಕೃತಿಯ ಹೆಸರಿನಲ್ಲಿ ಅದನ್ನು ತಡೆದವು. ಆಕ್ಷೇಪಿಸುವವರು ಎಲ್ಲರೂ ಕೆಟ್ಟ ಉದ್ದೇಶದವರೆಂದು ನಾವು ಹೇಳುವುದಿಲ್ಲ. ಮಕ್ಕಳ ವಯಸ್ಸಿಗೆ ಮೀರಿದುದನ್ನು ಬಲವಂತವಾಗಿ ತುಂಬಬಾರದೆಂಬ ಅವರ ಕಳಕಳಿಯು ಸರಿಯಾದುದೇ. ಆದರೆ ಈ ವಿಷಯವನ್ನು ವಯಸ್ಸಿಗೆ ಮೀರಿದ್ದೆನ್ನುವುದು ಹೇಗೆ? ಹತ್ತು ಹನ್ನೆರಡರ ಮಗುವಿನ ಮೈಯಲ್ಲಿಯೇ ಅದು ನಡೆಯುತ್ತಿದೆಯಷ್ಟೆ! ಪ್ರಕೃತಿಯು ಪಾಠವನ್ನು ಆರಂಭಿಸಿಬಿಟ್ಟಿದೆ. ಉಪಾಧ್ಯಾಯರು ಮಾತ್ರ ತರಗತಿಗೆ ಬಂದಿಲ್ಲ. ಅವರು ಬಾರದಿದ್ದರೆ ಮಕ್ಕಳು ಕಲಿಯದೆ ಇರುವುದಿಲ್ಲ. ಕೈಯಲ್ಲಿರುವ ಫೋನಿನಿಂದ, ಬೀದಿಯ ಪೋಲಿಗಳಿಂದ, ಕೊಳಕಾಗಿ ಕಲಿಯುತ್ತಾರೆ. ತಿಳಿವಳಿಕೆಯಿಂದ ಕೆಟ್ಟವರಿಗಿಂತ ಅಜ್ಞಾನದಿಂದ ಕೆಟ್ಟವರೇ ಹೆಚ್ಚೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಆದುದರಿಂದ ನಾವು ಸರಕಾರದವರನ್ನೂ ಮಹಾಜನರನ್ನೂ ಕೇಳುವುದು ಹೆಚ್ಚೇನಲ್ಲ. ಮೊದಲನೆಯದಾಗಿ, ಮೊದಲ ಮುಟ್ಟು ಬರುವುದಕ್ಕೆ ಮುಂಚೆ, ಐದನೆಯ ಆರನೆಯ ತರಗತಿಗಳಲ್ಲಿಯೇ, ಈ ಪಾಠವನ್ನು ತಿಳಿಗನ್ನಡದಲ್ಲಿ ಕಲಿಸತಕ್ಕದ್ದು. ವಿಜ್ಞಾನದ ಪುಸ್ತಕದಲ್ಲಿ ಅಚ್ಚಾದ ಅಧ್ಯಾಯವನ್ನು ‘ಮನೆಯಲ್ಲಿ ಓದಿಕೊಳ್ಳಿ’ ಎಂದು ದಾಟಿಸತಕ್ಕದ್ದಲ್ಲ. ಎರಡನೆಯದಾಗಿ, ಗಂಡುಮಕ್ಕಳಿಗೂ ಕಲಿಸತಕ್ಕದ್ದು. ನಾಳೆ ಅಣ್ಣನೂ ಗಂಡನೂ ತಂದೆಯೂ ರಜೆಯ ಚೀಟಿಗೆ ರುಜು ಹಾಕುವ ಅಧಿಕಾರಿಯೂ ಆಗುವವರು ಅವರೇ. ಮೂರನೆಯದಾಗಿ, ಪ್ರತಿ ಶಾಲೆಯಲ್ಲಿಯೂ ಬಾಗಿಲು, ಚಿಲಕ, ನೀರು ಈ ಮೂರೂ ಇರುವ ಶೌಚಗೃಹವಿರಬೇಕು. ನಾಲ್ಕನೆಯದಾಗಿ, ಹುಡುಗಿಯರಿಗೆ ಬಟ್ಟೆಪಟ್ಟಿಗಳನ್ನು ಉಚಿತವಾಗಿ ಕೊಡುವ ‘ಶುಚಿ’ ಯೋಜನೆಯು ನಡುವೆ ಕೆಲವು ವರ್ಷ ನಿಂತುಹೋಗಿ 2024ರಲ್ಲಿ ಮತ್ತೆ ಆರಂಭವಾಯಿತು, ಇನ್ನೊಮ್ಮೆ ಹಾಗಾಗಬಾರದು. ಟೆಂಡರು ತಡವಾಯಿತೆಂದು ಪ್ರಕೃತಿಯು ತಿಂಗಳನ್ನು ಮುಂದಕ್ಕೆ ಹಾಕುವುದಿಲ್ಲ.

ಕೊನೆಯ ಮಾತು ನಮ್ಮ ವಾಚಕರಿಗೇ. ಸರಕಾರವು ಮಾಡಬೇಕಾದುದು ಬಹಳವಿದೆ; ಆದರೆ ನಡುಮನೆಯೊಳಕ್ಕೆ ಯಾವ ಸರಕಾರಿ ಹುಕುಮೂ ಬರಲಾರದು. ಅಲ್ಲಿನ ಚಾಪೆಯನ್ನು ಮೂಲೆಯಿಂದ ಎತ್ತಬೇಕಾದವರು, ಮಗಳನ್ನು ಪಂಕ್ತಿಯಲ್ಲಿ ಮೊದಲು ಕೂರಿಸಬೇಕಾದವರು, ‘ಹೆದರಬೇಡ ಮಗು, ಇದು ಆರೋಗ್ಯದ ಲಕ್ಷಣ’ ಎಂದು ಹೇಳಬೇಕಾದವರು ತಾವು. 1891ರಲ್ಲಿ ನಮ್ಮ ಹಿರಿಯರಿಗೆ ಪರಕೀಯ ಸರಕಾರವೆಂಬ ಒಂದು ನೆಪವಿದ್ದಿತು. ಇಂದು ಸರಕಾರವು ನಮ್ಮದು, ಶಾಲೆಯು ನಮ್ಮದು, ಮಗಳೂ ನಮ್ಮವಳೇ. ಸ್ವರಾಜ್ಯವೆಂದರೆ ತನ್ನನ್ನು ತಾನು ಆಳಿಕೊಳ್ಳುವುದಾದರೆ, ತನ್ನ ಮೈಯನ್ನು ತಾನು ಅರಿಯುವುದು ಅದರ ಮೊದಲ ಅಕ್ಷರ. ಆ ಅಕ್ಷರವನ್ನು ಹೆಣ್ಣುಮಕ್ಕಳಿಗೆ ಕಲಿಸದೆ ಉಳಿದ ವಿದ್ಯೆಯನ್ನೆಲ್ಲ ಕಲಿಸಿದೆವೆಂದು ಹೇಳಿಕೊಳ್ಳುವುದು ನಮಗೆ ಗೌರವದ ಮಾತಾಗದು.